ರಾತ್ರಿಯ ಡೋಸ್ ಬರೆಯುವ ಮುಂಚೆ ನಾನು ಕೇಳುವ ಪ್ರಶ್ನೆಗಳು

ಮಗುವಿಗೆ ಪದೇ ಪದೇ ಮೂತ್ರದ ಸೋಂಕು ಬರುತ್ತಿದ್ದರೆ ತಿಂಗಳುಗಟ್ಟಲೆ ಆಂಟಿಬಯಾಟಿಕ್ ಕೊಡುವ ಪದ್ಧತಿ ಇದೆ. ಚಿಕಿತ್ಸೆಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣ, ಸಾಮಾನ್ಯವಾಗಿ ಮಲಗುವ ಮುಂಚೆ ಒಂದೇ ಸಲ. ರಾತ್ರಿಯಿಡೀ ಔಷಧ ಮೂತ್ರಕೋಶದಲ್ಲಿ ಉಳಿಯಲಿ ಅಂತ. ಮಕ್ಕಳ ವೈದ್ಯೆಯಾಗಿ ನಾನೂ ಕೊಡುತ್ತೇನೆ, ಆದರೆ ಕೆಲವರಿಗೆ ಮಾತ್ರ.

ಮೊದಲು ಹಳೇ ರಿಪೋರ್ಟ್‌ಗಳನ್ನೆಲ್ಲ ನೋಡುತ್ತೇನೆ. ನಾಲ್ಕು ಸಲ ಸೋಂಕು ಅಂದವರ ಬಳಿ ಸರಿಯಾದ ಕಲ್ಚರ್ ರಿಪೋರ್ಟ್, ಅಂದರೆ ಮೂತ್ರದ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದ ವರದಿ, ಒಂದೇ ಇರುತ್ತದೆ. ಅಂಟಿಸುವ ಚೀಲದಲ್ಲಿ ಹಿಡಿದ ಮೂತ್ರಕ್ಕೆ ಚರ್ಮದ ಬ್ಯಾಕ್ಟೀರಿಯಾ ಸುಲಭವಾಗಿ ಸೇರುತ್ತದೆ. ಅದನ್ನು ನಂಬಿ ವರ್ಷಗಟ್ಟಲೆ ಔಷಧ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಆಮೇಲೆ ಕಕ್ಕಸಿನ ವಿಚಾರ. ಹೆಚ್ಚು ಹೊತ್ತು ಕಳೆಯುವುದು ಇಲ್ಲೇ.

"ದಿನಾ ಹೋಗ್ತಾಳಾ ಅಮ್ಮ?"

"ಹೋಗ್ತಾಳೆ ಡಾಕ್ಟ್ರೇ."

"ಹೇಗಿರುತ್ತೆ?"

"ಗಟ್ಟಿ. ಆಡಿನ ಹಿಕ್ಕೆ ಥರ."

ದಿನಾ ಹೋದರೂ ಮಲಬದ್ಧತೆ ಇರಬಹುದು. ತುಂಬಿದ ಮಲಾಶಯ ಮೂತ್ರಕೋಶವನ್ನು ಒತ್ತುತ್ತದೆ, ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ, ಉಳಿದದ್ದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆಟದ ಮಧ್ಯೆ ಕಾಲು ಕತ್ತರಿ ಹಾಕುವುದು, ಹಿಮ್ಮಡಿ ಒತ್ತಿಕೊಂಡು ಕೂರುವುದು ಮೂತ್ರ ತಡೆಯುವ ಲಕ್ಷಣ. ಕೇಳಿದ ಮೇಲೆ ಅಮ್ಮಂದಿರಿಗೆ ಥಟ್ಟನೆ ನೆನಪಾಗುತ್ತದೆ. ಮಲ ಮೆದುವಾಗುವ ಪುಡಿ, ಎರಡು ಮೂರು ಗಂಟೆಗೊಮ್ಮೆ ಮೂತ್ರ, ಕಮೋಡ್ ಆದರೆ ಕಾಲಿನ ಕೆಳಗೆ ಸ್ಟೂಲು. ಪುಡಿಯನ್ನು ತಿಂಗಳುಗಳ ಕಾಲ ಕೊಡಬೇಕು, ವಾರಕ್ಕೇ ಬಿಟ್ಟರೆ ಸಾಲದು. ಎಷ್ಟೋ ಮಕ್ಕಳಿಗೆ ಇಷ್ಟರಲ್ಲೇ ಸೋಂಕು ನಿಂತಿದೆ.

ಹಾಗಾದರೆ ರಾತ್ರಿಯ ಡೋಸ್ ಯಾರಿಗೆ? ಮೂತ್ರ ಕಿಡ್ನಿಯ ಕಡೆಗೆ ಜೋರಾಗಿ ವಾಪಸ್ ಹೋಗುವ, ಅಂದರೆ ರಿಫ್ಲಕ್ಸ್ ಹೆಚ್ಚಿರುವ ಪುಟ್ಟ ಮಕ್ಕಳಿಗೆ. ಜ್ವರದ ಸೋಂಕು ಮೇಲಿಂದ ಮೇಲೆ ಬರುವವರಿಗೆ. ಆಗಲೂ ತಂದೆತಾಯಿಗೆ ಎರಡೂ ಕಡೆ ಹೇಳುತ್ತೇನೆ. 2014ರಲ್ಲಿ ಪ್ರಕಟವಾದ ಅಮೆರಿಕದ ರಿವರ್ ಅಧ್ಯಯನದಲ್ಲಿ ರಿಫ್ಲಕ್ಸ್ ಇದ್ದ 607 ಮಕ್ಕಳನ್ನು ಎರಡು ವರ್ಷ ಗಮನಿಸಿದರು. ಔಷಧ ತೆಗೆದುಕೊಂಡವರಲ್ಲಿ ಮರುಸೋಂಕು ಸುಮಾರು ಅರ್ಧಕ್ಕಿಳಿಯಿತು. ಆದರೆ ಸೋಂಕಿನಿಂದ ಕಿಡ್ನಿಯಲ್ಲಿ ಉಳಿಯುವ ಗಾಯದ ಕಲೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಔಷಧದ ನಡುವೆಯೂ ಈ-ಕೋಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ಮರಳಿದವರಲ್ಲಿ ಶೇ 63ರಷ್ಟು ಬ್ಯಾಕ್ಟೀರಿಯಾ ಅದೇ ಔಷಧಕ್ಕೆ ಬಗ್ಗದಂತಾಗಿತ್ತು. ಸುಮ್ಮನೆ ಹುಸಿ ಔಷಧ ಕುಡಿದವರಲ್ಲಿ ಅದು ಶೇ 19. ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡುವುದು ಈ ಕೊನೆಯ ಲೆಕ್ಕ.

ಶುರು ಮಾಡುವ ದಿನವೇ ಮತ್ತೆ ಯಾವಾಗ ನೋಡಬೇಕು, ಯಾವಾಗ ನಿಲ್ಲಿಸುವ ಯೋಚನೆ ಮಾಡಬೇಕು ಅಂತ ಚೀಟಿಯಲ್ಲೇ ಬರೆಯುತ್ತೇನೆ. ದಿನಾಂಕ ಇಲ್ಲದಿದ್ದರೆ ಸಿರಪ್ ಬಾಟಲಿ ಮೇಲೆ ಬಾಟಲಿ ಸುಮ್ನೆ ನಡೆದುಹೋಗುತ್ತದೆ. ನೈಟ್ರೋಫ್ಯೂರಾಂಟೋಯಿನ್ ಎಂಬ ಆಂಟಿಬಯಾಟಿಕ್ ಆದರೆ ಊಟದ ಜೊತೆ ಕೊಡಿ ಅನ್ನುತ್ತೇನೆ, ಇಲ್ಲವಾದರೆ ವಾಂತಿ ಜಾಸ್ತಿ. ನಡುವೆ ಜ್ವರ ಬಂದರೆ ಅದೇ ಔಷಧದ ಡೋಸ್ ಏರಿಸುವುದಿಲ್ಲ. ಮೂತ್ರ ಕಲ್ಚರ್‌ಗೆ ಕಳಿಸಿ ಬೇರೆಯದನ್ನು ಆರಿಸುತ್ತೇನೆ. ನಿಲ್ಲಿಸಿದ ಮೇಲೂ ಕಾರಣ ಗೊತ್ತಾಗದ ಜ್ವರ ಬಂದರೆ ಅವತ್ತೇ ಮೂತ್ರ ಪರೀಕ್ಷೆ ಮಾಡಿಸಿ, ಮನೆಯಲ್ಲಿ ಉಳಿದ ಸಿರಪ್ ಕುಡಿಸಲೇಬೇಡಿ ಅಂತ ಹೇಳಿ ಕಳಿಸುತ್ತೇನೆ.