ಮೊದಲು ಕುದಿಸಿ, ಆಮೇಲೆ ತಿರುಗಿಸಿ: ಎಸ್‌ಎನ್‌ಎಫ್‌1 ಬ್ಲಾಟ್, ನನ್ನ ಅನುಭವ

ಎಸ್‌ಎನ್‌ಎಫ್‌1 ಅಂದರೆ ಸಕ್ಕರೆ ಇಳಿದಾಗ ಎಚ್ಚರಗೊಂಡು ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುವ ಯೀಸ್ಟ್‌ನ ಕಿಣ್ವ, ಒಂದು ಕೈನೇಸ್. 2% ಗ್ಲೂಕೋಸ್‌ನಲ್ಲಿ ಅದು ತಣ್ಣಗಿರಬೇಕು. ಫಾಸ್ಫೇಟ್ ಹತ್ತಿ ಎಚ್ಚರವಾದ ಎಸ್‌ಎನ್‌ಎಫ್‌1 ಅನ್ನು ಆಂಟಿಬಾಡಿಯಿಂದ ಕಪ್ಪು ಪಟ್ಟಿಯಾಗಿ ತೋರಿಸುವ ನಮ್ಮ ಬ್ಲಾಟ್‌ನಲ್ಲಿ ಮಾತ್ರ ಸಕ್ಕರೆ ಇದ್ದ ಲೇನು, ಇಲ್ಲದ ಲೇನು ಎರಡೂ ಒಂದೇ ಕಪ್ಪು. ಆಂಟಿಬಾಡಿ ಕೆಟ್ಟಿದೆ ಅಂದರು ಎಲ್ಲರೂ. ಎಸ್‌ಎನ್‌ಎಫ್‌1ರ ಥ್ರಿಯೋನಿನ್ 210ಕ್ಕೆ ಹತ್ತುವ ಫಾಸ್ಫೇಟ್ ಹಿಡಿಯಲು ಎಎಂಪಿಕೆಯ (ಸಸ್ತನಿಗಳಲ್ಲಿ ಇದರ ಜೋಡಿ) ಫಾಸ್ಫೊ-172 ಆಂಟಿಬಾಡಿಯೇ ಸಾಕು, ಆದರೆ ಒಂದು ಪುಟ್ಟ ವಯಲ್‌ಗೆ ಹೆಚ್ಚುಕಡಿಮೆ ಜೆಆರ್‌ಎಫ್‌ನ (ಕಿರಿಯ ಸಂಶೋಧಕರ ಫೆಲೋಶಿಪ್) ತಿಂಗಳ ದುಡ್ಡು. ಹೊಸ ವಯಲ್‌ನಲ್ಲೂ ಅದೇ ಹಾಡು.

ಕಿತಾಪತಿ ಸೆಂಟ್ರಿಫ್ಯೂಜಿನದು. ಜೀವಂತ ಕೋಶಗಳನ್ನು ತಿರುಗಿಸಿ ತಳಕ್ಕೆ ಕೂರಿಸುವಷ್ಟರಲ್ಲೇ ಕೈನೇಸ್‌ಗೆ ಫಾಸ್ಫೇಟ್ ಹತ್ತಿಬಿಡುತ್ತದೆ. ಈಗ ಓಡಿ (ಕಲ್ಚರ್‌ನ ಮಬ್ಬಿನ ಅಳತೆ) 0.6ರ ಆಸುಪಾಸಿನ ಕಲ್ಚರ್ 5 ಎಂಎಲ್‌ನಷ್ಟನ್ನು ತೆಳು ಗಾಜಿನ ಟ್ಯೂಬಿಗೆ ಹಾಕಿ ನೇರ ಕುದಿಯುವ ನೀರಿಗೆ, 3 ನಿಮಿಷ. ಸತ್ತ ಮೇಲೆ ಎಷ್ಟು ಬೇಕಾದರೂ ತಿರುಗಿಸಿ. ಪೆಲೆಟ್‌ಗೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 5 ನಿಮಿಷ, ಅದನ್ನು ತೆಗೆದು ಸ್ಯಾಂಪಲ್ ಬಫರ್‌ನಲ್ಲಿ ಮತ್ತೆ ಕುದಿಸಿ. 50 ಎಂಎಲ್ ಪ್ಲಾಸ್ಟಿಕ್ ಟ್ಯೂಬ್ ಮುಳುಗಿಸಬೇಡಿ. ನಡುವಿನ ದ್ರವ ನಿಧಾನ ಬಿಸಿಯಾಗುತ್ತದೆ, ಅಷ್ಟರಲ್ಲಿ ಕೈನೇಸ್ ತನ್ನ ಕೆಲಸ ಮುಗಿಸಿರುತ್ತದೆ. 0.05% ಗ್ಲೂಕೋಸ್‌ಗೆ ಬದಲಿಸುವಾಗಲೂ ಫಿಲ್ಟರ್ ಮೇಲೆ ಸೋಸಿ, 30 ಡಿಗ್ರಿಗೆ ಬಿಸಿ ಮಾಡಿಟ್ಟ ಮೀಡಿಯಾದಲ್ಲೇ ತೊಳೆಯಿರಿ. ಬ್ಲಾಟ್‌ನ ಖಾಲಿ ಜಾಗ ಮುಚ್ಚಲು (ಬ್ಲಾಕ್ ಮಾಡಲು) ಹಾಲಿನ ಪುಡಿ ಬೇಡ, ಕೇಸೀನ್‌ನಲ್ಲೇ ಫಾಸ್ಫೇಟ್ ಇದೆ, ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಹಾಕಿ. ಒಂದೇ ಆಂಟಿಬಾಡಿ ದ್ರಾವಣವನ್ನು ಏಳೆಂಟು ಬ್ಲಾಟ್‌ಗೆ ಎಳೆಯುತ್ತೇನೆ. ಅದರಲ್ಲಿ ಏನು ಬೆರೆಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಈಗ ಸಕ್ಕರೆಯ ಲೇನು ಖಾಲಿ. ಅನುಮಾನಪಟ್ಟವರೂ 210ರಲ್ಲಿ ಫಾಸ್ಫೇಟ್ ಹತ್ತಲಾರದ ಟಿ210ಎ ಮ್ಯೂಟೆಂಟ್ ಪಕ್ಕದಲ್ಲಿಟ್ಟು ನೋಡಿ ಒಪ್ಪಿದರು.

ಎಚ್ಚರವಾದ ಎಸ್‌ಎನ್‌ಎಫ್‌1 ಜೀನ್ ತೆರೆಸಿತೇ ಎಂದು ನೋಡಲು ಎಸ್‌ಯುಸಿ2 (ಸುಕ್ರೋಸ್ ಒಡೆಯುವ ಇನ್ವರ್ಟೇಸ್ ಕಿಣ್ವದ ಜೀನ್) ಸಾಕು: ಅದನ್ನು ಮುಚ್ಚಿಡುವ ಮಿಗ್‌1 ಪ್ರೋಟೀನ್‌ಗೆ ಎಸ್‌ಎನ್‌ಎಫ್‌1 ಫಾಸ್ಫೇಟ್ ಹಾಕಿದೊಡನೆ ಮಿಗ್‌1 ನ್ಯೂಕ್ಲಿಯಸ್ ಬಿಡುತ್ತದೆ, ಜೀನ್ ತೆರೆಯುತ್ತದೆ. ಜೀನ್ ಎಷ್ಟು ತೆರೆದಿದೆ ಎಂದು ಅಳೆಯುವ ಕ್ಯುಪಿಸಿಆರ್‌ನಲ್ಲಿ ಹೋಲಿಕೆಯ ಜೀನಾಗಿ ಎಸಿಟಿ1 ನೆಚ್ಚಬೇಡಿ, ಸಕ್ಕರೆ ಇಳಿದಾಗ ಅದೂ ಅಲುಗುತ್ತದೆ; ಟಿಎಎಫ್‌10 ಮೇಲು. ದುಡ್ಡಿಲ್ಲದಿದ್ದರೆ ಎರಡು-ಮೂರು ತಾಸು ಬಿಟ್ಟು ಇನ್ವರ್ಟೇಸನ್ನೇ ಅಳೆಯಿರಿ: ತೊಳೆದ ಇಡೀ ಕೋಶ, ಪಿಎಚ್ 5ರ ಅಸಿಟೇಟ್, ಸುಕ್ರೋಸ್, 37 ಡಿಗ್ರಿ, 10 ನಿಮಿಷ. ಬಂದ ಗ್ಲೂಕೋಸ್‌ಗೆ ರಕ್ತಪರೀಕ್ಷೆ ಲ್ಯಾಬುಗಳ ಜಿಓಡಿ-ಪಿಓಡಿ (ಗ್ಲೂಕೋಸ್ ಅಳೆಯುವ ಕಿಣ್ವಗಳ) ಕಿಟ್ ಚೆನ್ನಾಗಿ ನಡೆಯುತ್ತದೆ. ತೊಳೆಯುವುದರಲ್ಲಿ ಜಿಪುಣತನ ಮಾಡಿದರೆ ಮೀಡಿಯಾದ ಗ್ಲೂಕೋಸೇ ರೀಡಿಂಗ್ ಆಗುತ್ತದೆ.

ಹಾಗೇ ಕುತೂಹಲಕ್ಕೆ ಎಸ್‌ಎನ್‌ಎಫ್‌1, ಮಿಗ್‌1 ಎರಡನ್ನೂ ತೆಗೆದ ತಳಿಯನ್ನೂ ಅಳೆದೆ. ಇನ್ವರ್ಟೇಸ್ ಮರಳಿತು, ಪೂರ್ತಿಯಲ್ಲ. ಮಿಗ್‌1ರಂತೆಯೇ ಜೀನ್ ಮುಚ್ಚುವ ಮಿಗ್‌2 ಕೂಡ ಹಾರಿಸಿದ ತಳಿ ಈಗ ಪ್ಲೇಟ್ ಮೇಲಿದೆ.