ಪ್ಯಾರಿಸ್‌ನ ಹಳೆಯ ರೆಸ್ಟೋರೆಂಟಿನಲ್ಲಿ ಊಟ ಮಾಡುವ ಬಗೆ

ಪ್ಯಾರಿಸ್‌ನ ಸಾಂಪ್ರದಾಯಿಕ ರೆಸ್ಟೋರೆಂಟುಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 12ರಿಂದ 2 ಗಂಟೆಯವರೆಗೆ, ರಾತ್ರಿ 7ರ ನಂತರ ಊಟ ಸಿಗುತ್ತದೆ. ನಡುವಿನ ಹೊತ್ತಿನಲ್ಲಿ ಹೋದರೆ ಎಷ್ಟೋ ಕಡೆ ಅಡುಗೆಮನೆ ಮುಚ್ಚಿರುತ್ತದೆ. ಒಳಗೆ ಕಾಲಿಟ್ಟೊಡನೆ ‘ಬೋಂಜೂರ್’ ಎಂದು ವಂದಿಸಿ, ಸಿಬ್ಬಂದಿ ಜಾಗ ತೋರಿಸುವವರೆಗೆ ಬಾಗಿಲ ಬಳಿಯೇ ಕಾಯಬೇಕು. ಖಾಲಿ ಮೇಜು ಕಂಡಲ್ಲಿ ಕುಳಿತುಬಿಡುವ ನಮ್ಮ ರೂಢಿ ಅಲ್ಲಿ ಸಲ್ಲದು.

ಅಲ್ಲಿ ‘ಕಾರ್ತ್’ ಎಂದರೆ ತಿನಿಸುಗಳ ಪಟ್ಟಿ. ‘ಮೆನು’ ಎಂದರೆ ನಿಗದಿತ ಬೆಲೆಗೆ ಒಂದಾದ ಮೇಲೊಂದು ಬಡಿಸುವ ಊಟ, ಅಗ್ಗವಾಗುವುದೂ ಬಹುತೇಕ ಇದೇ. ‘ಆಂತ್ರೇ’ ಎಂಬುದು ಮೊದಲ ತಿನಿಸು, ‘ಪ್ಲಾ’ ಮುಖ್ಯ ತಿನಿಸು.

ಸಸ್ಯಾಹಾರಿಗಳು ಈರುಳ್ಳಿ ಸೂಪಿನ ಹೆಸರಿಗೆ ಮೋಸಹೋಗಬಾರದು. ಕಂದುಬಣ್ಣ ಬರುವವರೆಗೆ ಸಣ್ಣ ಉರಿಯಲ್ಲಿ ಬಾಡಿಸಿದ ಈರುಳ್ಳಿ, ಮೇಲೆ ತೇಲುವ ಬ್ರೆಡ್ಡು, ಅದರ ಮೇಲೆ ಕರಗಿ ಬಟ್ಟಲಿನ ಅಂಚಿಗೆ ಅಂಟಿಕೊಂಡ ಚೀಸ್ ಎಲ್ಲವೂ ಆಸೆ ಹುಟ್ಟಿಸುತ್ತವೆಯಾದರೂ, ಅಡಿಯಲ್ಲಿರುವ ಸಾರು ಹೆಚ್ಚಾಗಿ ದನದ ಮಾಂಸದ್ದು. ಈರುಳ್ಳಿ ಜಾತಿಯ ಲೀಕ್ ಎಂಬ ತರಕಾರಿಯನ್ನು ಬೇಯಿಸಿ ವಿನೆಗರ್ ಮತ್ತು ಎಣ್ಣೆ ಹಾಕಿದ ತಿನಿಸು ಸಿಕ್ಕರೆ ಅದನ್ನು ಆರಿಸಬಹುದು. ಆದರೂ ಕೇಳಿ ಖಚಿತಪಡಿಸಿಕೊಳ್ಳುವುದು ಲೇಸು.

‘ಯುನ್ ಕರಾಫ್ ದೋ’ ಎಂದು ಕೇಳಿದರೆ ನಲ್ಲಿ ನೀರನ್ನು ಉಚಿತವಾಗಿ ತಂದಿಡುತ್ತಾರೆ. ಬರೀ ನೀರು ಎಂದರೆ ಬೆಲೆಯ ಬಾಟಲಿ ಬಂದೀತು. ಬ್ರೆಡ್ಡಿಗೆ ಬೇರೆ ತಟ್ಟೆ ಇಲ್ಲದಿದ್ದರೆ ಮೇಜಿನ ಹಾಸಿನ ಮೇಲೆಯೇ ಇಟ್ಟು, ಕೈಯಿಂದ ಮುರಿದು ತಿನ್ನುವುದು ವಾಡಿಕೆ.

ನೀವಾಗಿ ‘ಲಾದಿಸಿಯೋಂ’ ಎಂದು ಕೇಳದೆ ಬಿಲ್ಲು ಬರುವುದಿಲ್ಲ. ಗಿರಾಕಿಯನ್ನು ಎಬ್ಬಿಸುವುದು ಅಲ್ಲಿ ಒರಟುತನ. 1896ರಲ್ಲಿ ಆರಂಭವಾದ ‘ಬೂಯೋಂ ಶಾರ್ತಿಯೇ’ ಎಂಬ ರೆಸ್ಟೋರೆಂಟಿನಲ್ಲಂತೂ ಮೇಜಿಗೆ ಹಾಸಿದ ಕಾಗದದ ಮೇಲೆಯೇ ಲೆಕ್ಕ ಬರೆಯುತ್ತಾರೆ. ಸೇವಾ ಶುಲ್ಕ ಬೆಲೆಯಲ್ಲೇ ಸೇರಿರುವುದರಿಂದ ಭಕ್ಷೀಸು ಕಡ್ಡಾಯವಲ್ಲ. ಮೆಚ್ಚಿಗೆಯಾದರೆ ಒಂದೆರಡು ಯೂರೋ ಬಿಟ್ಟು ಏಳಬಹುದು.