ಒಂದು ಗೇಣು ಜಾಗದಲ್ಲಿ ಜೀವ ಕಾಯುವ ಬಾಗಿಲು: ನಿಮ್ಮ ಕಾರನ್ನು ನೀವೇ ನೋಡಿಕೊಳ್ಳಿ

ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಳ್ಳಿ. ನಿಮ್ಮ ತೋಳಿಗೂ ಬಾಗಿಲ ಹೊರಗಿನ ತಗಡಿಗೂ ನಡುವೆ ಎಷ್ಟು ಜಾಗ ಇದೆ ಅಂತ ಕೈಯಿಂದಲೇ ಅಳೆದು ನೋಡಿ. ಒಂದು ಗೇಣು, ಹೆಚ್ಚೆಂದರೆ ಒಂದೂವರೆ. ಎದುರಿನಿಂದ ಗುದ್ದಿದರೆ ಬಾನೆಟ್ ನಜ್ಜುಗುಜ್ಜಾಗಿ ಪೆಟ್ಟಿನ ಬಹುಪಾಲನ್ನು ತಾನೇ ತಿನ್ನುತ್ತದೆ. ಸರ್ಕಲ್ಲಿನಲ್ಲಿ ಸಿಗ್ನಲ್ ಹಾರಿಸಿ ಬಂದ ಗಾಡಿ ಪಕ್ಕಕ್ಕೆ ನುಗ್ಗಿದರೆ ನಮಗಿರುವುದು ಆ ಗೇಣು ಮಾತ್ರ.

ಗಂಟೆಗೆ 50 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. 20 ಮಿಲಿಸೆಕೆಂಡಿಗೆ 28 ಸೆಂ.ಮೀ. ರೆಪ್ಪೆ ಬಡಿಯುವುದಕ್ಕೂ ಇದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ಇಷ್ಟರೊಳಗೆ ಕಾರು ತನ್ನ ಕೆಲಸ ಮುಗಿಸಬೇಕು. ಹೇಗೆ ಮುಗಿಸುತ್ತದೆ, ನಾವು ಎಲ್ಲಿ ಅಡ್ಡ ಬರುತ್ತೇವೆ ಅನ್ನುವುದನ್ನು ಕಾರಿನ ಹತ್ತಿರ ನಿಂತೇ ನೋಡೋಣ.

ಮೊದಲ ಹೆಜ್ಜೆ: ಎರಡೂ ಬಾಗಿಲು ತೆರೆದು ಚೌಕಟ್ಟು ನೋಡಿ. ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವೆ ನಿಂತಿರುವ ಕಂಬವೇ ಬಿ ಪಿಲ್ಲರ್. ಕೆಳಗೆ ದಾಟಿ ಹತ್ತುವ ಜಾಗ ಕಾರಿನ ಹೊಸ್ತಿಲು. ಬಾಗಿಲಿನ ಒಳಗೆ, ನಮಗೆ ಕಾಣದ ಹಾಗೆ, ಅಡ್ಡಲಾಗಿ ಒಂದು ಗಟ್ಟಿ ಉಕ್ಕಿನ ತೊಲೆ ಇರುತ್ತದೆ. ಪೆಟ್ಟು ಬಿದ್ದಾಗ ಆ ತೊಲೆ ಭಾರವನ್ನು ಹಿಂಜ್ ಮತ್ತು ಲಾಕ್ ಮೂಲಕ ಕಂಬಕ್ಕೆ ದಾಟಿಸುತ್ತದೆ. ಕಂಬದಿಂದ ಅದು ಮೇಲೆ ಚಾವಣಿಗೆ, ಕೆಳಗೆ ಹೊಸ್ತಿಲಿಗೆ, ಅಲ್ಲಿಂದ ಸೀಟಿನ ಅಡಿಯ ಅಡ್ಡಪಟ್ಟಿಗೆ ಹೋಗುತ್ತದೆ. ಒಂದೇ ಜಾಗದಲ್ಲಿ ಬಾಗಿಲು ಒಳನುಗ್ಗುವ ಬದಲು ಇಡೀ ಕಾರು ಪಕ್ಕಕ್ಕೆ ಸರಿದರೆ ಒಳಗಿನವರು ಉಳಿದುಕೊಳ್ಳುತ್ತಾರೆ.

ಆ ಕಂಬದ ಬಗ್ಗೆ ಸ್ವಲ್ಪ ಹೇಳಲೇಬೇಕು. ಈಗಿನ ಬಹಳಷ್ಟು ಕಾರುಗಳಲ್ಲಿ ಅದು ಬೋರಾನ್ ಬೆರೆಸಿದ ಉಕ್ಕು. ಸುಮಾರು 900 ಡಿಗ್ರಿಗೆ ಕಾಯಿಸಿ, ತಣ್ಣಗಿನ ಅಚ್ಚಿನಲ್ಲಿ ಒತ್ತಿ, ಅಲ್ಲೇ ಆರಿಸುತ್ತಾರೆ. ನಮ್ಮ ಕಮ್ಮಾರರು ಕುಡುಗೋಲನ್ನು ಕಾಯಿಸಿ ನೀರಿಗೆ ಅದ್ದಿ ಹದ ಕೊಡುತ್ತಾರಲ್ಲ, ಅದೇ ವಿದ್ಯೆ. ಕೆಲವು ಕಾರುಗಳಲ್ಲಿ ಕಂಬದ ಕೆಳಭಾಗವನ್ನು ಬೇಕೆಂದೇ ಮೆದುವಾಗಿ ಬಿಡುತ್ತಾರೆ. ಬಾಗಲೇಬೇಕಾದರೆ ಸೊಂಟದ ಮಟ್ಟದಲ್ಲಿ ಬಾಗಲಿ, ಎದೆಯ ಮಟ್ಟದಲ್ಲಿ ಬೇಡ ಅಂತ. ಸೊಂಟದ ಮೂಳೆ ತಡೆಯುವಷ್ಟು ಪೆಟ್ಟನ್ನು ಪಕ್ಕೆಲುಬು ತಡೆಯುವುದಿಲ್ಲ.

ಎರಡನೆಯದಾಗಿ ಏರ್‌ಬ್ಯಾಗ್ ಎಲ್ಲೆಲ್ಲಿದೆ ಹುಡುಕಿ. ಮುಂದಿನ ಸೀಟಿನ ಬೆನ್ನಿನ ಅಂಚಿನಲ್ಲಿ, ಬಾಗಿಲ ಕಡೆಗೆ, ಏರ್‌ಬ್ಯಾಗ್ ಅಂತ ಬರೆದ ಸಣ್ಣ ಪಟ್ಟಿ ಹೊಲಿದಿದ್ದರೆ ಎದೆ ಕಾಯುವ ಚೀಲ ಅಲ್ಲಿದೆ ಅಂತ ಅರ್ಥ. ಕಿಟಕಿಯ ಮೇಲೆ, ಕಂಬಗಳ ತುದಿಯಲ್ಲಿ ಅದೇ ಗುರುತು ಇದ್ದರೆ ತಲೆ ಕಾಯುವ ಪರದೆ ಏರ್‌ಬ್ಯಾಗ್ ಇದೆ. ವೋಲ್ವೊ ಕಂಪನಿ 1994ರಲ್ಲಿ 850 ಕಾರಿಗೆ ಪಕ್ಕದ ಏರ್‌ಬ್ಯಾಗ್ ತಂದಿತು, 1998ರಲ್ಲಿ ಎಸ್80 ಕಾರಿಗೆ ಪರದೆ ಏರ್‌ಬ್ಯಾಗ್. ಇವನ್ನು ಎಬ್ಬಿಸುವ ಬಗೆ ನನಗೆ ತುಂಬಾ ಹಿಡಿಸಿದ್ದು. ಹಲವು ಕಾರುಗಳಲ್ಲಿ ಬಾಗಿಲಿನ ಟೊಳ್ಳಿನಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ತಗಡು ಒಳಕ್ಕೆ ತಗ್ಗುತ್ತಿದ್ದಂತೆ ಒಳಗಿನ ಗಾಳಿ ಒತ್ತಿಕೊಳ್ಳುತ್ತದೆ, ಅಷ್ಟು ಸಾಕು ಅದಕ್ಕೆ.

ಮೂರನೆಯ ಹೆಜ್ಜೆ ಸೀಟ್ ಕವರ್. ಇದನ್ನು ದಯವಿಟ್ಟು ಇವತ್ತೇ ನೋಡಿ. ನಮ್ಮ ಮನೆಗೆ ಕಾರು ಬಂದ ಮೂರನೇ ದಿನ ಒಂದು ಅಂಗಡಿಯಲ್ಲಿ ದಪ್ಪನೆಯ ಕವರ್ ಹಾಕಿಸಿದೆ. ನೋಡಲು ಚೆನ್ನಾಗಿತ್ತು. ಎಷ್ಟೋ ತಿಂಗಳ ನಂತರ ಕವರ್ ಬಿಚ್ಚಿ ಒಗೆಯುವಾಗ ಆ ಪಟ್ಟಿ ಕಣ್ಣಿಗೆ ಬಿತ್ತು. ಅದರ ಮೇಲೆಯೇ ಎರಡು ಸಾಲು ನೈಲಾನ್ ಹೊಲಿಗೆ! ಅಷ್ಟು ದಿನ ಹೆಂಡತಿ ಆ ಸೀಟಿನಲ್ಲೇ ಓಡಾಡಿದ್ದಳು. ಕೈಕಾಲು ತಣ್ಣಗಾಯಿತು. ಚೀಲ ಸೀಟಿನ ಹೊಲಿಗೆ ಸೀಳಿಕೊಂಡು ಹೊರಬರಬೇಕು. ಕವರ್ ಅಡ್ಡ ಇದ್ದರೆ ತಡವಾಗುತ್ತದೆ, ಇಲ್ಲವೇ ದಿಕ್ಕು ತಪ್ಪುತ್ತದೆ. ಕವರ್ ಬೇಕೇ ಬೇಕು ಅಂದರೆ ಆ ಜಾಗ ಬಿಟ್ಟು ಹೊಲಿದದ್ದನ್ನು, ನಿಮ್ಮ ಮಾಡೆಲ್‌ಗೆ ಅಂತಲೇ ಮಾಡಿದ್ದನ್ನು ಕೇಳಿ. ಕಿಟಕಿ ಮೇಲಿನ ಹಿಡಿಗೆ ಹ್ಯಾಂಗರ್‌ನಲ್ಲಿ ಶರ್ಟ್ ನೇತುಹಾಕುವುದೂ ಬೇಡ. ಪರದೆ ಬಿಚ್ಚಿಕೊಂಡರೆ ಹ್ಯಾಂಗರ್ ಮುಖಕ್ಕೆ ಎಗರುತ್ತದೆ.

ನಾಲ್ಕು, ಕೂರುವ ರೀತಿ. ಬಾಗಿಲಿಗೆ ಒರಗಿ ನಿದ್ದೆ ಮಾಡಬೇಡಿ, ಚೀಲ ಉಬ್ಬುವ ಜಾಗ ಅದೇ. ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕು. ಬೆಲ್ಟ್ ಇಲ್ಲದವರು ಇನ್ನೊಂದು ಪಕ್ಕದಿಂದ ತೂರಿಬಂದು ಪಕ್ಕದವರ ತಲೆಗೆ ಬಡಿಯುತ್ತಾರೆ. ಮಗುವಿಗೆ ತಲೆಯ ಎರಡೂ ಬದಿಗೆ ರೆಕ್ಕೆ ಇರುವ ಚೈಲ್ಡ್ ಸೀಟ್ ಕೊಳ್ಳಿ. ಮಡಿಲಲ್ಲಿ ಕೂರಿಸಿಕೊಳ್ಳುವುದು ಬೇಡವೇ ಬೇಡ.

ಹೊಸ ಕಾರು ನೋಡುತ್ತಿದ್ದೀರಾ? 2023ರ ಅಕ್ಟೋಬರ್ 1ರಿಂದ ನಮ್ಮಲ್ಲಿ ಭಾರತ್ ಎನ್‌ಸಿಎಪಿ ಇದೆ, ಅಂದರೆ ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಪರೀಕ್ಷೆ. ಪಕ್ಕದಿಂದ ಗಂಟೆಗೆ 50 ಕಿ.ಮೀ. ವೇಗದಲ್ಲಿ ತಡೆಗಾಡಿಯನ್ನು, ಅಂದರೆ ಇನ್ನೊಂದು ಕಾರಿನ ಬದಲಿಗೆ ಬಳಸುವ ಚಕ್ರದ ಬಂಡಿಯನ್ನು, ಗುದ್ದಿಸುತ್ತಾರೆ. ಕಾರನ್ನೇ 29 ಕಿ.ಮೀ. ವೇಗದಲ್ಲಿ ಅಡ್ಡಡ್ಡ ಜಾರಿಸಿ ಹೊರಗೆ ನೆಟ್ಟ ಕಂಬಕ್ಕೆ ಬಡಿಸುವ ಪರೀಕ್ಷೆಯೂ ಇದೆ. ವೇಗ ಕಮ್ಮಿ ಅನಿಸಬಹುದು. ಆದರೆ ಮಳೆಗಾಲದಲ್ಲಿ ಜಾರಿ ಸಾಲುಮರಕ್ಕೆ ಬಡಿದ ಕಾರನ್ನು ಕಂಡವರಿಗೆ ಗೊತ್ತು, ಇಡೀ ಪೆಟ್ಟು ಒಂದು ಮರದ ಅಗಲಕ್ಕೇ ಬೀಳುತ್ತದೆ, ಅದೂ ತಲೆಯ ಪಕ್ಕದಲ್ಲೇ. ಶೋರೂಮಿನಲ್ಲಿ ಎರಡು ಏರ್‌ಬ್ಯಾಗ್ ಅಂದರೆ ಎರಡೂ ಮುಂದಿನವು, ಪಕ್ಕಕ್ಕೆ ಏನೂ ಇಲ್ಲ. ಆರು ಅಂದರೆ ಸಾಮಾನ್ಯವಾಗಿ ಎರಡು ಮುಂದೆ, ಎರಡು ಸೀಟಿನಲ್ಲಿ, ಎರಡು ಪರದೆ. ನೀವು ಕೊಳ್ಳುವ ವೇರಿಯಂಟ್‌ನಲ್ಲೇ ಇವೆಯಾ ಅಂತ ಕೇಳಿ. ಸನ್‌ರೂಫ್‌ಗೆ ಕೊಡುವ ದುಡ್ಡು ಇದಕ್ಕೆ ಹೋಗಲಿ ಅನ್ನುವುದು ನನ್ನ ಗಟ್ಟಿ ಮಾತು.

ಸೆಕೆಂಡ್ ಹ್ಯಾಂಡ್ ಕಾರಾದರೆ ಇನ್ನೊಂದು ಕೆಲಸ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲ ಅಂದರೂ ಅನುಮಾನ ಪಡಿ. ಆಮೇಲೆ ಬಿ ಪಿಲ್ಲರ್‌ನ ಅಂಚಿನ ರಬ್ಬರ್ ಬೀಡಿಂಗ್ ಮೆಲ್ಲಗೆ ಎಳೆದು ನೋಡಿ. ಕಂಪನಿಯ ವೆಲ್ಡಿಂಗ್ ಆದರೆ ಸಮ ಸಮ ದೂರಕ್ಕೆ ದುಂಡನೆಯ ಚುಕ್ಕೆಗಳಿರುತ್ತವೆ. ಅಲ್ಲಿ ಉಬ್ಬುತಗ್ಗಿನ ಗೆರೆ, ಪುಟ್ಟಿ, ಬೇರೆ ಬಣ್ಣದ ಪೇಂಟ್ ಕಂಡರೆ ಆ ಕಂಬವನ್ನು ಒಮ್ಮೆ ಕತ್ತರಿಸಿ ಕೂಡಿಸಿರಬಹುದು. ಬೆಲೆ ಎಷ್ಟೇ ಇಳಿಸಲಿ, ಆ ಕಾರು ಬೇಡ.